ಸೀಸದ ಕಣಕ್ಕೆ ದಾರಿ ತಪ್ಪದಂತೆ ಕಾಯುವ ಬೆಂಗಳೂರಿನ ಪುಟ್ಟ ಅಯಸ್ಕಾಂತ

ಕಾಸರಗೋಡು: ಚಿಕಿತ್ಸೆಗೆಂದು ಮಂಗಳೂರಿಗೆ ಹೋಗಿ ಬರುವ ಗಡಿನಾಡಿನ ಜನರಿಗೆ ಎಂಆರ್‌ಐ ಸ್ಕ್ಯಾನಿಂಗ್ ಹೊಸತಲ್ಲ. ರೋಗಿಯನ್ನು ಒಳಗೆ ಮಲಗಿಸುವ ಆ ಯಂತ್ರದಲ್ಲಿ ಇರುವುದು ಸಾಮಾನ್ಯವಾಗಿ ಸೂಪರ್ ಕಂಡಕ್ಟಿಂಗ್ ಅಯಸ್ಕಾಂತ. ಇದೇ ಜಾತಿಯ, ಆದರೆ ಇನ್ನೂ ಬಲಶಾಲಿಯಾದ 1,232 ದೊಡ್ಡ ಅಯಸ್ಕಾಂತಗಳು ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಭೂಗತ ಸುರಂಗದಲ್ಲಿವೆ. ಅವುಗಳ ಜತೆಗಿರುವ ಪುಟ್ಟ ಅಯಸ್ಕಾಂತಗಳಲ್ಲಿ ಹಲವು ಬೆಂಗಳೂರಿನಲ್ಲಿ ತಯಾರಾದವು.

ಆ ಸುರಂಗದ ಸುತ್ತಳತೆ 27 ಕಿಲೋಮೀಟರ್. ಹೆಚ್ಚುಕಡಿಮೆ ಕಾಸರಗೋಡಿನಿಂದ ಕಾಞಂಗಾಡಿಗೆ ಇರುವ ದೂರ. ಅಲ್ಲಿ 2010ರ ನವೆಂಬರಿನಲ್ಲಿ ಮೊದಲ ಬಾರಿಗೆ ಸೀಸದ ಅಯಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ಡಿಕ್ಕಿ ಹೊಡೆಸಲಾಯಿತು. ವಿಶ್ವ ಹುಟ್ಟಿದ ಕ್ಷಣದಲ್ಲಿ ದ್ರವ್ಯ ಹೇಗಿತ್ತು ಎಂದು ತಿಳಿಯುವುದೇ ಇದರ ಉದ್ದೇಶ.

ಚಳಿ ಏಕೆ ಬೇಕು?

ಓಡುವ ಅಯಾನು ನೇರವಾಗಿ ಹೋಗುತ್ತದೆ. ಅದನ್ನು ಬಾಗಿಸಿ ಸುತ್ತು ಹಾಕಿಸಲು ಅಯಸ್ಕಾಂತ ಬೇಕು. ವೇಗ ಹೆಚ್ಚಿದಷ್ಟೂ ಅಯಸ್ಕಾಂತದ ಬಲ ಹೆಚ್ಚಬೇಕು. ತಾಮ್ರದ ಸುರುಳಿಯಲ್ಲಿ ಅಷ್ಟು ಕರೆಂಟ್ ಹರಿಸಿದರೆ ವಿಪರೀತ ಬಿಸಿಯಾಗುತ್ತದೆ. ಆದರೆ ನಯೋಬಿಯಂ-ಟೈಟಾನಿಯಂ ತಂತಿಯನ್ನು ದ್ರವ ಹೀಲಿಯಂನಿಂದ ಮೈನಸ್ 271 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ ಅದರಲ್ಲಿ ವಿದ್ಯುತ್ತಿಗೆ ತಡೆಯೇ ಇರುವುದಿಲ್ಲ. ಸುಮಾರು 12,000 ಆಂಪಿಯರ್ ಕರೆಂಟ್ ಬಿಸಿಯಿಲ್ಲದೆ ಹರಿಯುತ್ತದೆ.

ಬಲವಿದ್ದರೆ ಸಾಲದು

ಅಯಾನುಗಳು ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಸುತ್ತು ಹಾಕುತ್ತವೆ. ಕಾಂತಕ್ಷೇತ್ರದಲ್ಲಿ ಕೂದಲೆಳೆಯಷ್ಟು ದೋಷವಿದ್ದರೂ ಸುತ್ತು ಸುತ್ತಿಗೆ ಅದು ಬೆಳೆದು ಅಯಾನುಗಳು ಕೊಳವೆಯ ಗೋಡೆಗೆ ಬಡಿಯಬಹುದು. ಈ ದೋಷ ತಿದ್ದಲೆಂದೇ ದೊಡ್ಡ ಅಯಸ್ಕಾಂತಗಳ ತುದಿಯಲ್ಲಿ ಗೇಣುದ್ದಕ್ಕಿಂತ ಚಿಕ್ಕ ಅಯಸ್ಕಾಂತಗಳನ್ನು ಜೋಡಿಸಲಾಗಿದೆ. 1996ರ ಒಪ್ಪಂದದ ನಂತರ ಭಾರತ ಇಂಥ ಸುಮಾರು 1,800 ಅಯಸ್ಕಾಂತಗಳನ್ನು ಒದಗಿಸಿತು. ಹೊಣೆ ಹೊತ್ತದ್ದು ಇಂದೋರಿನ ಸಂಶೋಧನಾ ಕೇಂದ್ರ. ತಯಾರಿಕೆ ನಡೆದದ್ದು ಬೆಂಗಳೂರಿನ ಕಿರ್ಲೋಸ್ಕರ್ ಇಲೆಕ್ಟ್ರಿಕ್ ಕಂಪೆನಿಯಲ್ಲಿ. ಇಂದೋರಿನ ಆ ಕೇಂದ್ರಕ್ಕೆ ಈಗ ತುಮಕೂರು ಜಿಲ್ಲೆಯವರಾದ ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರಿದೆ.

ಒಂದೇ ಒಂದು ಬೆಸುಗೆ

ಇಂಥ ಅಯಸ್ಕಾಂತದ ದೊಡ್ಡ ಶತ್ರು ಶಾಖ. ತಂತಿಯ ಒಂದು ಬಿಂದು ತುಸು ಬೆಚ್ಚಗಾದರೂ ಅಲ್ಲಿ ವಿದ್ಯುತ್ ತಡೆ ಮರಳಿ ಬರುತ್ತದೆ. ಅದರಿಂದ ಬಿಸಿ ಇನ್ನಷ್ಟು ಹರಡುತ್ತದೆ. ಇದಕ್ಕೆ ಕ್ವೆಂಚ್ ಎನ್ನುತ್ತಾರೆ. ಕ್ಷಣಾರ್ಧದಲ್ಲಿ ಅದನ್ನು ಗುರುತಿಸಿ ಕರೆಂಟನ್ನು ಸುರಕ್ಷಿತವಾಗಿ ಇಳಿಸುವ ವ್ಯವಸ್ಥೆಯೂ ವಿನ್ಯಾಸದ ಭಾಗವೇ. 2008ರ ಸೆಪ್ಟೆಂಬರ್ 19ರಂದು ಸರ್ನ್‌ನಲ್ಲಿ ಎರಡು ಅಯಸ್ಕಾಂತಗಳ ನಡುವಿನ ಒಂದು ಬೆಸುಗೆ ಕೈಕೊಟ್ಟಿತು. ಟನ್‌ಗಟ್ಟಲೆ ಹೀಲಿಯಂ ಸೋರಿತು. 50ಕ್ಕೂ ಹೆಚ್ಚು ಅಯಸ್ಕಾಂತಗಳನ್ನು ಮೇಲೆತ್ತಿ ದುರಸ್ತಿ ಮಾಡಬೇಕಾಯಿತು ಇಲ್ಲವೇ ಬದಲಿಸಬೇಕಾಯಿತು. ಯಂತ್ರ ಮತ್ತೆ ಚಾಲೂ ಆದದ್ದು 2009ರ ನವೆಂಬರಿನಲ್ಲಿ.

ಆಸ್ಪತ್ರೆಯ ಎಂಆರ್‌ಐ ಕೋಣೆಯಿಂದ ಕಟ್ಟಡದ ಹೊರಕ್ಕೆ ಹೀಲಿಯಂ ಬಿಡಲು ಪ್ರತ್ಯೇಕ ಕೊಳವೆ ಹಾಕುವುದು ಕೂಡಾ ಇದೇ ಕ್ವೆಂಚಿನ ಭಯದಿಂದ.