ದುಡ್ಡು ಕಟ್ ಆಯ್ತು, ಊಟ ಬರಲಿಲ್ಲ: ಸತ್ಯ ಹೇಳೋ ಲಾಗ್ ಎಲ್ಲಿರುತ್ತೆ?

ಅಕೌಂಟ್‌ನಿಂದ ದುಡ್ಡು ಹೋಯ್ತು, ಆರ್ಡರ್ ಮಾತ್ರ ಬರಲಿಲ್ಲ. ನಿಮ್ಮಲ್ಲಿ ತುಂಬ ಜನಕ್ಕೆ ಇದು ಆಗಿರುತ್ತೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ‘ಚೆಕ್ ಮಾಡಿ ಹೇಳ್ತೀವಿ’ ಅಂತಾರೆ. ಅವರು ಚೆಕ್ ಮಾಡೋದು ಏನನ್ನ? ಲಾಗ್ ಅನ್ನ. ಆ ಲಾಗ್‌ಗಳನ್ನು ಡಾಕ್ಯುಮೆಂಟ್ ಡೇಟಾಬೇಸ್‌ನಲ್ಲಿ ಇಡೋದು ಹೇಗೆ, ಎಲ್ಲಿ ಎಡವಬಹುದು ಅನ್ನೋದೇ ಇವತ್ತಿನ ವಿಷಯ. ಕೋಡಿಂಗ್ ಬರದಿದ್ರೂ ಕೇಳಿ. ಅದರಲ್ಲಿ ಇರೋದು ನಿಮ್ಮದೇ ಮಾಹಿತಿ.

ಲಾಗ್ ಅಂದ್ರೆ ಏನು?

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಈಗ ರೈಲ್ವೆ ಮೇಲ್ಸೇತುವೆ ಇದೆ. ಮೊದಲು ಅಲ್ಲಿ ಗೇಟ್ ಹಾಕಿದ್ರೆ ಕಾಯಲೇಬೇಕಿತ್ತು. ಇಂಥ ಗೇಟ್‌ಗಳಲ್ಲಿ ಗೇಟ್‌ಮನ್ ಹತ್ತಿರ ಒಂದು ರಿಜಿಸ್ಟರ್ ಇರುತ್ತೆ. ಯಾವ ರೈಲು, ಎಷ್ಟು ಗಂಟೆಗೆ ಸ್ಟೇಷನ್‌ನಿಂದ ಫೋನ್ ಬಂತು, ಯಾವ ಪ್ರೈವೇಟ್ ನಂಬರ್ ಕೊಟ್ಟು ತಗೊಂಡ್ರು, ಎಲ್ಲವೂ ಸಾಲಾಗಿ ಬರೆದಿರುತ್ತೆ. ಎಲ್ಲ ಸರಿ ಇದ್ದ ದಿನ ಆ ಪುಸ್ತಕವನ್ನು ಯಾರೂ ತೆಗೆಯೋದಿಲ್ಲ. ಏನಾದ್ರೂ ಎಡವಟ್ಟಾದ್ರೆ ಮೊದಲು ಕೇಳೋದೇ ಅದನ್ನ. ಆ್ಯಪ್‌ನ ಲಾಗ್ ಕೂಡ ಅಂಥದ್ದೇ ರಿಜಿಸ್ಟರ್, ಬರೆಯೋದು ಮಾತ್ರ ಪ್ರೋಗ್ರಾಂ.

ವ್ಯತ್ಯಾಸ ಒಂದಿದೆ. ಗೇಟ್ ರಿಜಿಸ್ಟರ್‌ನಲ್ಲಿ ಪ್ರತಿ ಸಾಲಿಗೂ ಅದೇ ಕಾಲಂಗಳು. ಆ್ಯಪ್‌ನಲ್ಲಿ ಹಾಗಲ್ಲ. ಸವಳಂಗ ರಸ್ತೆಯ ನವುಲೆ ಕಡೆ, ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ಪಿಜಿಗಳಲ್ಲಿರೋ ಹುಡುಗರಿಗೆ ಊಟ ತಲುಪಿಸೋ ಒಂದು ಆ್ಯಪ್ ಇದೆ ಅಂತ ಊಹಿಸ್ಕೊಳ್ಳಿ. ಲಾಗಿನ್ ಆದಾಗ ಬೇಕಾದ ವಿವರ ಬೇರೆ, ಪೇಮೆಂಟ್ ಫೇಲ್ ಆದಾಗ ಬೇಕಾದ್ದು ಬೇರೆ, ಡೆಲಿವರಿ ಹುಡುಗನ ಲೊಕೇಶನ್ ಸಿಗದಿದ್ದಾಗ ಬೇಕಾದ್ದು ಇನ್ನೂ ಬೇರೆ. ಎಲ್ಲವನ್ನೂ ಒಂದೇ ಟೇಬಲ್‌ಗೆ ತುರುಕಿದ್ರೆ ಅರ್ಧ ಕಾಲಂ ಖಾಲಿ ಬಿದ್ದಿರುತ್ತೆ.

ಡಾಕ್ಯುಮೆಂಟ್ ಡೇಟಾಬೇಸ್ ಕೆಲಸಕ್ಕೆ ಬರೋದು ಇಲ್ಲೇ. 2009ರಲ್ಲಿ ಬಂದ ಮಾಂಗೋಡಿಬಿ, 2010ರಲ್ಲಿ ಬಂದ ಇಲಾಸ್ಟಿಕ್‌ಸರ್ಚ್ ಇಂಥವು. ಇಲ್ಲಿ ಪ್ರತಿ ಲಾಗ್ ಒಂದು ಸ್ವತಂತ್ರ ಚೀಟಿ ಇದ್ದ ಹಾಗೆ:

ಸಮಯ: 13:10:04
ಮಟ್ಟ: ಎರರ್
ವಿಭಾಗ: ಪೇಮೆಂಟ್
ಆರ್ಡರ್ ಐಡಿ: 4512
ಕಾರಣ: 30 ಸೆಕೆಂಡಾದರೂ ಬ್ಯಾಂಕಿನಿಂದ ಉತ್ತರ ಇಲ್ಲ

ಮುಂದಿನ ಚೀಟಿಯಲ್ಲಿ ಬೇರೆ ವಿವರಗಳಿದ್ರೂ ಡೇಟಾಬೇಸ್ ತಕರಾರು ಮಾಡಲ್ಲ. ‘ಆರ್ಡರ್ 4512ರ ಎಲ್ಲ ಚೀಟಿ, ಸಮಯದ ಪ್ರಕಾರ ಕೊಡು’ ಅಂದ್ರೆ ಇಡೀ ಕಥೆ ಕಣ್ಣ ಮುಂದೆ ಬರುತ್ತೆ. ಆದ್ರೆ ಆರ್ಡರ್ ಐಡಿ ಪ್ರತಿ ಚೀಟಿಯಲ್ಲೂ ಇರಬೇಕು. ಅದೊಂದು ಬಿಟ್ಟುಹೋದ್ರೆ ನಿಮ್ಮ ದುಡ್ಡಿನ ಜಾಡು ಅಲ್ಲಿಗೇ ಕಟ್.

ಬರೆಯುವಾಗ ನೋಡ್ಕೋಬೇಕಾದ್ದು

ಒಂದು, ಸಮಯ. ಮಾಂಗೋಡಿಬಿ ಸಮಯವನ್ನು ಯುಟಿಸಿ ಲೆಕ್ಕದಲ್ಲಿ ಇಡುತ್ತೆ. ಶಿವಮೊಗ್ಗದ ಮಧ್ಯಾಹ್ನ 1:10 ಅಲ್ಲಿ ಬೆಳಿಗ್ಗೆ 7:40. ಇದು ಗೊತ್ತಿಲ್ಲದೆ ಹುಡುಕಿದ್ರೆ ‘ಆ ಹೊತ್ತಲ್ಲಿ ಏನೂ ಆಗೇ ಇಲ್ಲ’ ಅನ್ನೋ ತಪ್ಪು ಉತ್ತರ ಸಿಗುತ್ತೆ.

ಎರಡು, ಲಾಗ್ ಬರೆಯೋಕೆ ಅಂತ ಆ್ಯಪ್ ನಿಂತು ಕಾಯಬಾರದು. ಒಂದಷ್ಟು ಲಾಗ್ ಕೂಡಿಟ್ಟು ಹಿನ್ನೆಲೆಯಲ್ಲಿ ಒಟ್ಟಿಗೆ ಕಳಿಸೋದು ವಾಡಿಕೆ. ಜೊತೆಗೆ ಸರ್ವರ್‌ನಲ್ಲೇ ಒಂದು ಸಾದಾ ಫೈಲ್‌ಗೂ ಬರೀಬೇಕು. ಡೇಟಾಬೇಸೇ ಬಿದ್ದುಹೋದ್ರೆ ‘ಡೇಟಾಬೇಸ್ ಬಿತ್ತು’ ಅನ್ನೋ ಲಾಗ್ ಅನ್ನ ಅದೇ ಡೇಟಾಬೇಸ್‌ನಲ್ಲಿ ಎಲ್ಲಿ ಬರೆಯೋದು, ಹೇಳಿ?

ಮೂರು, ಇಂಡೆಕ್ಸ್. ಹುಡುಕಾಟ ಬೇಗ ಆಗೋಕೆ ಅದು ಬೇಕು. ಹಾಗಂತ ಎಲ್ಲದಕ್ಕೂ ಇಂಡೆಕ್ಸ್ ಹಾಕಿದ್ರೆ ಪ್ರತಿ ಲಾಗ್ ಬರೆಯುವಾಗಲೂ ಅವೆಲ್ಲವನ್ನೂ ತಿದ್ದಬೇಕಾಗುತ್ತೆ. ನಮ್ಮ ಊಟದ ಆ್ಯಪ್‌ಗೆ ಸಮಯ ಮತ್ತು ಆರ್ಡರ್ ಐಡಿ ಸಾಕು.

ಎಷ್ಟು ದಿನ ಇಡಬೇಕು?

ದಿನಕ್ಕೆ 2,000 ಆರ್ಡರ್, ಒಂದಕ್ಕೆ 20 ಲಾಗ್, ಒಂದು ಲಾಗ್ 500 ಬೈಟ್ ಅಂದ್ಕೊಳ್ಳಿ. ದಿನಕ್ಕೆ 20 ಎಂಬಿ, 180 ದಿನಕ್ಕೆ 3.6 ಜಿಬಿ. 180 ಯಾಕೆ ಅಂದ್ರೆ, ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸೇವೆ ಕೊಡೋ ಕಂಪನಿಗಳು ತಮ್ಮ ಲಾಗ್‌ಗಳನ್ನು 180 ದಿನ ಭದ್ರವಾಗಿ ಇಟ್ಟಿರಬೇಕು ಅಂತಿದೆ.

ಹಳೆಯದನ್ನು ತಾನಾಗಿ ಅಳಿಸೋಕೆ ಮಾಂಗೋಡಿಬಿಯಲ್ಲಿ ಎರಡು ದಾರಿ. ಕ್ಯಾಪ್ಡ್ ಕಲೆಕ್ಷನ್‌ನಲ್ಲಿ ಜಾಗ ತುಂಬಿದ ಕೂಡಲೇ ಹಳೆಯದು ಹೋಗಿ ಹೊಸದು ಬರುತ್ತೆ. ಅಪಾಯ ಏನಂದ್ರೆ, ಒಂದೇ ಎರರ್ ರಾತ್ರಿಯಿಡೀ ಲಕ್ಷಗಟ್ಟಲೆ ಸಲ ಬಂದ್ರೆ ತಿಂಗಳುಗಳ ದಾಖಲೆ ಬೆಳಗಾಗೋದ್ರೊಳಗೆ ಮಾಯ. ಇನ್ನೊಂದು ಟಿಟಿಎಲ್ ಇಂಡೆಕ್ಸ್. ಇದು ವಯಸ್ಸು ನೋಡಿ ಅಳಿಸುತ್ತೆ. 180 ದಿನ ಅಂದ್ರೆ 1,55,52,000 ಸೆಕೆಂಡ್ ಅಂತ ಕೊಟ್ಟರೆ ಆಯ್ತು. ಒಂದೇ ಷರತ್ತು, ಸಮಯವನ್ನು ದಿನಾಂಕದ ರೂಪದಲ್ಲೇ ಇಟ್ಟಿರಬೇಕು. ಬರೀ ಅಕ್ಷರಗಳ ಸಾಲಾಗಿ ಇಟ್ಟಿದ್ರೆ ಅದು ಒಂದನ್ನೂ ಅಳಿಸಲ್ಲ, ಎರರ್ ಕೂಡ ತೋರಿಸಲ್ಲ. ಡಿಸ್ಕ್ ತುಂಬಿದಾಗಲೇ ಗೊತ್ತಾಗೋದು.

ಏನನ್ನು ಬರೀಲೇಬಾರದು?

ನನ್ನ ಪ್ರಕಾರ ಇವತ್ತಿನ ಮುಖ್ಯ ವಿಷಯ ಇದೇ. ಏನು ಬೇಕಾದ್ರೂ ತುಂಬಬಹುದು ಅನ್ನೋದು ಡಾಕ್ಯುಮೆಂಟ್ ಡೇಟಾಬೇಸ್‌ನ ಅನುಕೂಲ. ಅಪಾಯವೂ ಅದೇ. ಯೂಸರ್ ಕಳಿಸಿದ್ದನ್ನೆಲ್ಲ ಹಾಗೇ ಲಾಗ್‌ಗೆ ಸುರಿದ್ರೆ ಪಾಸ್‌ವರ್ಡ್, ಒಟಿಪಿ, ಮೊಬೈಲ್ ನಂಬರ್, ಪಿಜಿ ವಿಳಾಸ ಎಲ್ಲವೂ ಅಲ್ಲಿ ಕೂರುತ್ತೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿಗೂ ಹೆಚ್ಚು ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸೋದು ಒಳ್ಳೇದು ಅಂತ ಹೇಳಬೇಕಾಯ್ತು. ಕಾರಣ, ಒಂದು ಬಗ್‌ನಿಂದ ಪಾಸ್‌ವರ್ಡ್‌ಗಳು ಒಳಗಿನ ಲಾಗ್‌ನಲ್ಲಿ ಓದೋಕೆ ಬರೋ ಹಾಗೇ ದಾಖಲಾಗಿದ್ವು. ಮುಖ್ಯ ಡೇಟಾಬೇಸ್‌ಗೆ ಏಳು ಬೀಗ ಹಾಕಿ, ಲಾಗ್ ಇರೋ ಕೋಣೆ ತೆರೆದಿಟ್ಟ ಹಾಗೆ.

ಆ ಕೋಣೆಯನ್ನು ನಿಜವಾಗಿಯೂ ತೆರೆದಿಟ್ಟವರೂ ಇದ್ದಾರೆ. 2017ರ ಜನವರಿಯಲ್ಲಿ, ಪಾಸ್‌ವರ್ಡೇ ಇಲ್ಲದೆ ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಹ್ಯಾಕರ್‌ಗಳು ಅಳಿಸಿಹಾಕಿ, ವಾಪಸ್ ಬೇಕಾದ್ರೆ ದುಡ್ಡು ಕೊಡಿ ಅಂದ್ರು.

ಹಾಗಾಗಿ ಕಾಲೇಜ್ ಪ್ರಾಜೆಕ್ಟ್ ಮಾಡ್ತಿರೋ ಗೆಳೆಯರಿಗೆ ನನ್ನ ಮಾತು ಇಷ್ಟೇ. ಸಣ್ಣ ಆ್ಯಪ್ ಆದ್ರೆ ಒಂದು ಫೈಲ್ ಸಾಕು. ದೊಡ್ಡದಾಗಿ ಡೇಟಾಬೇಸ್ ಹಾಕಿದ್ರೆ ಮೊದಲು ಅದಕ್ಕೆ ಪಾಸ್‌ವರ್ಡ್ ಇಡಿ, ಅಳಿಸೋ ದಿನ ಗೊತ್ತು ಮಾಡಿ. ಯಾವ ವಿವರ ಲಾಗ್‌ಗೆ ಹೋಗಬಹುದು ಅನ್ನೋ ಪಟ್ಟಿ ಮಾಡಿ, ಆ ಪಟ್ಟಿಯಲ್ಲಿ ಇಲ್ಲದ್ದು ಒಳಗೆ ಹೋಗೋ ಹಾಗಿಲ್ಲ. ಆರ್ಡರ್ 4512ರ ದುಡ್ಡು ಎಲ್ಲಿ ನಿಂತಿತು ಅಂತ ಹೇಳೋಕೆ ಆ ಹುಡುಗನ ಒಟಿಪಿ ಬೇಕಾಗಿಲ್ಲ.

ಈ ಸಂಚಿಕೆ ಇಷ್ಟವಾದ್ರೆ ಕ್ಲಾಸ್‌ಮೇಟ್ಸ್‌ಗೂ ಕಳಿಸಿ.