ಒಂದು ಬಗೆಯ ಮರ

ಬೇಸಿಗೆಯ ರಜೆಯೆಂದರೆ ಓದಿಗೆ ಬಿಡುವು ಎಂದು ನಮ್ಮ ಲೆಕ್ಕ. ನಮ್ಮ ಕರಾವಳಿಯ ಕಾಡಿಗಾದರೋ ಅದೇ ವರ್ಷದ ಬಿರುಸಿನ ದುಡಿಮೆಯ ಕಾಲ. ಬಿಸುಹಬ್ಬದ ಹೊತ್ತಿಗೆ ಕಕ್ಕೆಯ ಮರವು ಎಲೆಯುದುರಿಸಿ ಹೊನ್ನಿನ ಗೊಂಚಲುಗಳನ್ನು ಇಳಿಬಿಡುತ್ತದೆ, ಪುನರ್ಪುಳಿ ಕೆಂಪೇರುತ್ತದೆ, ಹಲಸು, ಹೆಬ್ಬಲಸು, ಕುಂಟಾಲ, ಕೇಪುಳಗಳು ಹಕ್ಕಿಗೂ ಹುಡುಗರಿಗೂ ಒಂದೇ ಪಂಕ್ತಿಯಲ್ಲಿ ಬಡಿಸುತ್ತವೆ. ಮುಂಗಾರಿನ ಮೊದಲ ಹನಿ ಬೀಳುವುದರೊಳಗೆ ಬೀಜವನ್ನು ಸಿದ್ಧಗೊಳಿಸಬೇಕೆಂಬ ಆತುರ ಎಷ್ಟೋ ಮರಗಳಲ್ಲಿ ಕಾಣುತ್ತದೆ. ನಮ್ಮ ಶಾಲೆಗಳ ಬಾಗಿಲು ಮುಚ್ಚುವ ಹೊತ್ತಿಗೇ ಪ್ರಕೃತಿಯ ಶಾಲೆಯ ಬಾಗಿಲು ತೆರೆಯುತ್ತದೆಯೆನ್ನಬಹುದು.

ಈ ಎರಡನೆಯ ಶಾಲೆಗೆ ಹೋಗಬಯಸುವವರಿಗೆ ಮಂಗಳೂರಿನ ಹತ್ತಿರದಲ್ಲಿಯೇ ತಾಣವಿದೆ. ಮೂಡುಶೆಡ್ಡೆಯಲ್ಲಿ, ಗುರುಪುರ ಹೊಳೆಯ ಬಳಿ, 350 ಎಕರೆಗೂ ಮಿಕ್ಕ ನೆಲದಲ್ಲಿ ಪಿಲಿಕುಳ ನಿಸರ್ಗಧಾಮವು ಹರಡಿಕೊಂಡಿದೆ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ. ಹುಲಿಗಳು ನೀರಿಗೆ ಬರುತ್ತಿದ್ದ ಕೊಳವೆಂಬುದು ಆ ಹೆಸರಿಗೆ ಜನರು ಹೇಳುವ ಅರ್ಥ. ಮೃಗಾಲಯ, ಪಶ್ಚಿಮಘಟ್ಟದ ಮರಗಳ ಸಸ್ಯೋದ್ಯಾನ, ವಿಜ್ಞಾನ ಕೇಂದ್ರ, ಕುಶಲಕರ್ಮಿಗಳ ಗ್ರಾಮ, ಗುತ್ತಿನ ಮನೆ, 2018ರಲ್ಲಿ ತೆರೆದ ತಾರಾಲಯ, ಇವೆಲ್ಲವೂ ಅಲ್ಲಿವೆ. ಬೇಸಿಗೆಯಲ್ಲಿ ಮಕ್ಕಳಿಗಾಗಿ ಶಿಬಿರಗಳೂ ನಡೆಯುತ್ತ ಬಂದಿವೆ. ಈ ಧಾಮಕ್ಕೆ ಡಾ. ಶಿವರಾಮ ಕಾರಂತರ (1902–1997) ಹೆಸರನ್ನಿಟ್ಟಿರುವುದು ಉಚಿತವಾಗಿದೆ. ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಮರಗಳ ನಡುವೆ ಕಲೆಹಾಕಿದವರು, 1936ರಷ್ಟು ಹಿಂದೆಯೇ ‘ಬಾಲಪ್ರಪಂಚ’ವನ್ನು ಕನ್ನಡದ ಎಳೆಯರ ಕೈಯಲ್ಲಿಟ್ಟವರು ಅವರು.

ಇಂಥ ಶಿಬಿರಗಳನ್ನು ರಜೆಯ ವಿನೋದವೆಂದು ಬಗೆಯುವವರು ಬಹಳ. ಕನ್ನಡ ಪಾಠ ಹೇಳುವ ನನಗೆ ಅವು ಬೇರೊಂದು ಕಾರಣಕ್ಕಾಗಿ ಬೇಕೆನಿಸುತ್ತವೆ.

ಹಳಗನ್ನಡ ಕಾವ್ಯಗಳ ವನವರ್ಣನೆಯನ್ನು ತರಗತಿಯಲ್ಲಿ ಓದಿಸುವಾಗ ಮರಗಳ ಹೆಸರುಗಳು ಸಾಲುಗಟ್ಟಿ ಬರುತ್ತವೆ. ವಿದ್ಯಾರ್ಥಿಗಳು ಟಿಪ್ಪಣಿಯ ಪುಟವನ್ನು ತಿರುವುತ್ತಾರೆ. ಅಲ್ಲಿ ಬಕುಳವೆಂದರೆ ‘ಒಂದು ಬಗೆಯ ಮರ’, ಆರಗ್ವಧವೆಂದರೆ ‘ಒಂದು ಬಗೆಯ ಮರ’, ಅರ್ಜುನವೂ ‘ಒಂದು ಬಗೆಯ ಮರ’! ಕವಿಯು ಒಂದೊಂದನ್ನೂ ಬೇರೆಬೇರೆಯಾಗಿ ಕಂಡು, ಮೂಸಿ, ಹೆಸರಿಸಿದ ಕಾಡು ನಮ್ಮ ಟಿಪ್ಪಣಿಯಲ್ಲಿ ಒಂದೇ ಬೂದುಬಣ್ಣಕ್ಕೆ ತಿರುಗುತ್ತದೆ. ಬಕುಳವೆಂದರೆ ನಮ್ಮ ರೆಂಜೆಯೇ. ನಸುಕಿನಲ್ಲಿ ಉದುರಿ, ಒಣಗಿದ ಮೇಲೂ ಕಂಪನ್ನು ಬಿಡದ ಆ ಪುಟ್ಟ ಹೂವನ್ನು ಮುಡಿದ ಹುಡುಗಿಯೇ ಅದರ ಅರ್ಥವನ್ನು ನನ್ನಲ್ಲಿ ಕೇಳಿದ್ದುಂಟು. ಆರಗ್ವಧವು ನಮ್ಮ ಕಕ್ಕೆ, ಅರ್ಜುನವು ಹೊಳೆಮತ್ತಿ. ಪಿಲಿಕುಳದ ಸಸ್ಯೋದ್ಯಾನದಲ್ಲಿ ವಿದ್ಯಾರ್ಥಿಗಳೊಡನೆ ಅರ್ಧ ದಿನ ಸುತ್ತಾಡಿದಾಗ ಕಾವ್ಯದ ಪದಕ್ಕೂ ಕಣ್ಣೆದುರಿನ ತೊಗಟೆಗೂ ನಂಟು ಬೆಳೆದುದನ್ನು ಕಂಡೆನು. ತರಗತಿಯಲ್ಲಿ ಅದನ್ನು ನಾನು ಎಷ್ಟು ಹೇಳಿದ್ದರೂ ಆಗುತ್ತಿರಲಿಲ್ಲ.

ಪರಿಸರದ ಪಾಠ ಇಂದು ಶಾಲೆಗಳಲ್ಲಿ ಇಲ್ಲದಿಲ್ಲ. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಅದನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ಪಾಠ ಬಂದಿತು, ಪರೀಕ್ಷೆಯೂ ಬಂದಿತು. ಅಮೆಜಾನಿನ ಅರಣ್ಯದ ಕುರಿತು ಐದು ಅಂಕದ ಉತ್ತರ ಬರೆಯಬಲ್ಲ ಬಾಲಕನು ಮನೆಯ ಹಿತ್ತಿಲಿನ ಕುಂಟಾಲವನ್ನು ಗುರುತಿಸಲಾರ. ಭಯದ ವಿಷಯವೂ ಹೀಗೆಯೇ. ಹಾವೆಂದರೆ ಕೋಲು ಹುಡುಕುವ ಹುಡುಗನಿಗೆ, ಕಾಳಿಂಗ ಸರ್ಪದ ತಾಯಿಯು ತರಗೆಲೆಗಳನ್ನು ಕೂಡಿಸಿ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುವುದೆಂದು ತಿಳಿದಾಗ, ಅವನ ಕೈ ಸಡಿಲವಾಗುವುದು. ಪಿಲಿಕುಳದಲ್ಲಿ ಕಾಳಿಂಗದ ಮೊಟ್ಟೆಗಳನ್ನು ಮರಿಮಾಡಿಸಿದವರು ಹಾವುಗಳ ಸಂಖ್ಯೆಯನ್ನು ಮಾತ್ರವಲ್ಲ, ನಮ್ಮ ಸಹನೆಯನ್ನೂ ಹೆಚ್ಚಿಸಿದರು. ಈ ಜಿಲ್ಲೆಯ ಮಕ್ಕಳಿಗಾಗಿ ‘ನಾಗರ ಹಾವೆ’ ಬರೆದ ಪಂಜೆ ಮಂಗೇಶರಾಯರು (1874–1937) ಇದಕ್ಕೆ ಸಂತೋಷಪಡುತ್ತಿದ್ದರು.

ಇಲ್ಲಿ ಬೀಜದ ಮಾತೊಂದನ್ನು ಹೇಳಬೇಕು. ಭತ್ತವನ್ನು ಒಣಗಿಸಿ ಮುಡಿಕಟ್ಟಿ ಇಟ್ಟರೆ ಮುಂದಿನ ಬಿತ್ತನೆಗೆ ಬರುತ್ತದೆ. ನಮ್ಮ ನಿತ್ಯಹಸುರಿನ ಕಾಡಿನ ಅನೇಕ ಮರಗಳ ಬೀಜ ಹಾಗಲ್ಲ. ಹಲಸಿನದಾಗಲಿ ಧೂಪದ ಮರದ್ದಾಗಲಿ, ಬೀಜ ಒಣಗಿತೆಂದರೆ ಸತ್ತಿತು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಮೆತ್ತಿಟ್ಟು ಕಾಯುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದು ತಿಳಿದಿತ್ತು. ಇಂಥ ಬೀಜಗಳನ್ನು ಉಗ್ರಾಣದಲ್ಲಿ ಕೂಡಿಟ್ಟು ಕಾಡನ್ನು ಉಳಿಸಲಾಗದು. ಕೈಗೆ ಬಂದ ಕೆಲವೇ ದಿನಗಳಲ್ಲಿ ಹಸಿನೆಲಕ್ಕೆ ಹಾಕಬೇಕು.

ಮರಗಳನ್ನು ಕುರಿತ ತಿಳಿವಳಿಕೆಯೂ ಈ ಜಾತಿಯದೇ. ಯಾವ ಎಲೆ ಸಾರಿಗೆ, ಯಾವ ತೊಗಟೆ ಕಷಾಯಕ್ಕೆ, ಯಾವ ಹಣ್ಣು ಬಾಯಿ ತುರಿಸುವುದು ಎಂಬುದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರ ಮಾತು ಮೊಮ್ಮಕ್ಕಳ ಕಿವಿಗೆ ಹಸಿಯಾಗಿಯೇ ಬೀಳಬೇಕು. ನಿಘಂಟಿಗೆ ಸೇರಿದ ಮೇಲೆ ಅದು ಮತ್ತೆ ಮೊಳೆಯುವುದು ಕಷ್ಟ. ಆದುದರಿಂದ ಬೇಸಿಗೆಯ ಇಂಥ ಕಾರ್ಯಕ್ರಮಗಳು ಮಕ್ಕಳಿಗಷ್ಟೇ ಮೀಸಲಾಗದೆ, ಅಜ್ಜ ಅಜ್ಜಿಯರನ್ನೂ, ತೋಟದಲ್ಲಿ ದುಡಿದು ಹಣ್ಣಾದವರನ್ನೂ ಕರೆಯಲಿ. ಫಲಕದ ಮೇಲಿನ ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಅವರು ಹೇಳುವ ತುಳು, ಕನ್ನಡ, ಕೊಂಕಣಿ, ಬ್ಯಾರಿ ಹೆಸರುಗಳೂ ನಿಲ್ಲಲಿ. ವಾಚಕರು ಈ ಬಾರಿಯ ರಜೆಯಲ್ಲಿ ಮಕ್ಕಳನ್ನು ಪಿಲಿಕುಳಕ್ಕೆ ಕರೆದೊಯ್ಯುವಾಗ ಮನೆಯ ಹಿರಿಯರನ್ನು ಬಿಟ್ಟು ಹೋಗಬಾರದು. ಮಳೆಗೆ ಇನ್ನು ಬಹಳ ದಿನಗಳಿರುವುದಿಲ್ಲ.