ದೋಣಿಗೆ ಕರೆಂಟ್ ಮೋಟಾರ್ ಕೂರಿಸಿದರೆ ಆಯ್ತಲ್ಲ?

ಸ್ಕೂಟರ್ ಕರೆಂಟಲ್ಲಿ ಓಡ್ತಿದೆ, ಆಟೋ ಓಡ್ತಿದೆ, ಬಸ್ಸೂ ಓಡ್ತಿದೆ. ಹಾಗಿದ್ದ ಮೇಲೆ ಕರಾವಳಿಯ ನಾಡದೋಣಿ ಮೀನುಗಾರರು ಸಬ್ಸಿಡಿ ಸೀಮೆಎಣ್ಣೆ ಬಂದಿಲ್ಲ ಅಂತ ಇನ್ನೂ ಯಾಕೆ ಮನವಿಪತ್ರ ಹಿಡಿದು ಅಲೀಬೇಕು? ದೋಣಿಗೂ ಒಂದು ಮೋಟಾರ್ ಕೂರಿಸಿದರೆ ಆಯ್ತಲ್ಲ ಅಂತ ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ರಸ್ತೆಯ ಲೆಕ್ಕವೇ ಬೇರೆ, ನೀರಿನ ಲೆಕ್ಕವೇ ಬೇರೆ.

ಮೋಟಾರಿನಲ್ಲಿ ಯಾವ ಕೊರತೆಯೂ ಇಲ್ಲ. ಕೊಟ್ಟ ವಿದ್ಯುತ್ತಿನಲ್ಲಿ ಶೇ. 90ರಷ್ಟನ್ನು ಅದು ಕೆಲಸಕ್ಕೆ ಹಾಕುತ್ತದೆ. ಸೀಮೆಎಣ್ಣೆ ಎಂಜಿನ್ ಸುಮಾರು ಮುಕ್ಕಾಲು ಪಾಲನ್ನು ಬಿಸಿಯಾಗಿ, ಹೊಗೆಯಾಗಿ ಕಳೆದುಬಿಡುತ್ತದೆ. ತೊಡಕಿರೋದು ಬ್ಯಾಟರಿಯಲ್ಲಿ. ಒಂದು ಕೆ.ಜಿ. ಸೀಮೆಎಣ್ಣೆಯಲ್ಲಿ ಸುಮಾರು 12 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಇದೆ. ಒಂದು ಕೆ.ಜಿ. ಲಿಥಿಯಂ ಬ್ಯಾಟರಿಯಲ್ಲಿ ಕಾಲು ಯೂನಿಟ್ ಸಿಕ್ಕರೆ ಹೆಚ್ಚು. 10 ಎಚ್‌ಪಿ ಮೋಟಾರನ್ನು ಎರಡು ಗಂಟೆ ಪೂರ್ತಿ ಜೋರಿನಲ್ಲಿ ಓಡಿಸಬೇಕಾದರೆ ಕಡಿಮೆ ಅಂದರೂ 15 ಯೂನಿಟ್ ಬೇಕು. ಆ ಬ್ಯಾಟರಿಯ ತೂಕ 100 ಕೆ.ಜಿ. ಆಸುಪಾಸು. ಬಲೆ ಎಲ್ಲಿಡೋದು, ಮೀನು ಎಲ್ಲಿಡೋದು?

ಇನ್ನೊಂದು ಸಂಗತಿ ವೇಗದ್ದು. ಸ್ಕೂಟರ್ ಒಮ್ಮೆ ವೇಗ ಹಿಡಿದರೆ ಸಲೀಸಾಗಿ ಉರುಳುತ್ತೆ. ದೋಣಿ ಹಾಗಲ್ಲ, ಪ್ರತಿ ಮಾರಿಗೂ ನೀರನ್ನು ಸೀಳಿಕೊಂಡೇ ಹೋಗಬೇಕು. ವೇಗ ಎರಡು ಪಟ್ಟಾದರೆ ಬೇಕಾಗುವ ಪವರ್ ಎರಡು ಪಟ್ಟಲ್ಲ, ಹೆಚ್ಚೂಕಡಿಮೆ ಎಂಟು ಪಟ್ಟು. ಇದನ್ನೇ ತಿರುಗಿಸಿ ನೋಡಿ: ನಿಧಾನವಾಗಿ ಹೋಗುವ ದೋಣಿಗೆ ಸಣ್ಣ ಬ್ಯಾಟರಿಯೇ ಸಾಕು.

ಕೇರಳದವರು ಹಿಡಿದದ್ದು ಇದೇ ದಾರಿ. ವೈಕಂನಿಂದ ವೆಂಬನಾಡ್ ಸರೋವರ ದಾಟಿಸುವ 75 ಜನರ ಸೌರ ದೋಣಿ ‘ಆದಿತ್ಯ’ 2017ರ ಜನವರಿಯಲ್ಲಿ ನೀರಿಗಿಳಿಯಿತು. 2023ರಲ್ಲಿ ಕೊಚ್ಚಿ ವಾಟರ್ ಮೆಟ್ರೋ ಬಂತು. ಗೊತ್ತಿರುವ ದಾರಿ, ಹತ್ತಿರದ ದಡ, ಅಲ್ಲೇ ಚಾರ್ಜಿಂಗ್. ನಾರ್ವೆಯಲ್ಲಿ 2015ರಲ್ಲಿ ಶುರುವಾದ ‘ಆಂಪೇರ್’ ಹಡಗು ಕಾರುಗಳನ್ನೇ ಹೊತ್ತು ದಾಟುತ್ತದೆ. ಆದರೆ ಅಲ್ಲಿನ ಹಳ್ಳಿಯ ವಿದ್ಯುತ್ ಲೈನಿಗೆ ಅಷ್ಟು ತಾಕತ್ತಿರಲಿಲ್ಲ. ಅದಕ್ಕೇ ಎರಡೂ ದಡದಲ್ಲಿ ದೊಡ್ಡ ಬ್ಯಾಟರಿ ಇಟ್ಟರು. ಅದು ನಿಧಾನಕ್ಕೆ ತುಂಬಿಕೊಳ್ಳುತ್ತೆ, ಹಡಗು ಬಂದಾಗ ಹತ್ತು ನಿಮಿಷದಲ್ಲಿ ಸುರಿದುಕೊಡುತ್ತೆ. ಜಾಣತನ ಇದ್ದದ್ದು ದಡದಲ್ಲಿ!

ನಮ್ಮ ಮೀನುಗಾರನಿಗೆ ಗೊತ್ತಿರುವ ದಾರಿ ಎಲ್ಲಿದೆ? ಮೀನು ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಎದುರುಗಾಳಿಗೆ ಬ್ಯಾಟರಿ ಬರಿದಾದರೆ ಕ್ಯಾನಿನಿಂದ ಸುರಿದುಕೊಳ್ಳೋಕೆ ಅದೇನು ಎಣ್ಣೆಯಲ್ಲ. ಹೀಗಿರುವಾಗ ‘ಎಲೆಕ್ಟ್ರಿಕ್ ಬರುತ್ತಲ್ಲ’ ಅಂತ ಹೇಳಿ ಸೀಮೆಎಣ್ಣೆಗೆ ಕತ್ತರಿ ಹಾಕುವುದು ಅನ್ಯಾಯ. ಹೊಳೆಯಲ್ಲಿ, ಅಳಿವೆಯ ಒಳಗೆ ಬಲೆ ಬೀಸುವ ದೋಣಿಗಳ ಮಾತು ಬೇರೆ. ಹೋಗೋದು ಹತ್ತಿರ, ವೇಗವೂ ಕಡಿಮೆ. ಸರ್ಕಾರಕ್ಕೆ ಮನಸ್ಸಿದ್ದರೆ ಅಲ್ಲಿಂದ ಶುರು ಮಾಡಲಿ, ಮೋಟಾರ್ ಹಂಚುವ ಮೊದಲು ದಕ್ಕೆಯಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿಯದ ಒಂದು ಚಾರ್ಜಿಂಗ್ ಪಾಯಿಂಟ್ ಹಾಕಿಸಲಿ.